ಕ್ರೇಪ್‌ನ ಜೀವ ಹುರಿಯಲ್ಲಿದೆ

ರೇಷ್ಮೆ ಸೀರೆ ಕೊಳ್ಳಲು ಹೋದವರು ಮೊದಲು ಸೀರೆಯನ್ನು ಅಂಗೈ ಮೇಲಿಟ್ಟು ಭಾರ ನೋಡುತ್ತಾರೆ. ಭಾರವಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಹಗುರವಿದ್ದರೆ ಎಲ್ಲೋ ಏನೋ ಕಡಿಮೆಯಾಗಿದೆ ಎಂಬ ಲೆಕ್ಕ. ಕಂಚಿಯ ಸೀರೆಗೆ, ಧರ್ಮಾವರದ ಸೀರೆಗೆ ಈ ಲೆಕ್ಕ ಒಂದಿಷ್ಟು ಒಪ್ಪುತ್ತದೆ. ಮೈಸೂರು ಕ್ರೇಪ್‌ಗೆ ಒಪ್ಪುವುದಿಲ್ಲ. ಕ್ರೇಪ್‌ನ ಗುಣ ಇರುವುದು ಅದರ ನೂಲಿಗೆ ಹಾಕಿದ ಹುರಿಯಲ್ಲಿ. ಹುರಿಯನ್ನು ಗುರುತಿಸಲು ಕಲಿತವರು ಹಗುರವಾದ ಸೀರೆಯನ್ನೂ ಅನುಮಾನವಿಲ್ಲದೆ ಆರಿಸುತ್ತಾರೆ. ಅದನ್ನು ಕಾಪಾಡಲು ಕಲಿತವರ ಮನೆಯಲ್ಲಿ ಅದೇ ಸೀರೆಯನ್ನು ಮೊಮ್ಮಗಳೂ ಉಡುತ್ತಾಳೆ.

ಬಟ್ಟೆ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಹರಾಜಾದ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಏಳೆಂಟು ಗೂಡುಗಳ ಎಳೆಯನ್ನು ಒಟ್ಟಿಗೆ ಸೇರಿಸಿ ಬಿಚ್ಚಿದಾಗ ಕಚ್ಚಾ ರೇಷ್ಮೆಯ ಒಂದು ನೂಲು ಸಿಗುತ್ತದೆ. ಸಾದಾ ರೇಷ್ಮೆ ಬಟ್ಟೆಗೆ ಈ ನೂಲಿಗೆ ಸ್ವಲ್ಪ ಹುರಿ ಹಾಕಿದರೆ ಸಾಕು. ಕ್ರೇಪ್‌ಗೆ ಹಾಗಲ್ಲ. ಒಂದು ಮೀಟರ್ ನೂಲಿಗೆ 2,000ಕ್ಕೂ ಹೆಚ್ಚು ಸುತ್ತು ಕೊಡುತ್ತಾರೆ. ಇಷ್ಟು ಹುರಿ ಹೊತ್ತ ನೂಲು ಸುಮ್ಮನಿರುವುದಿಲ್ಲ. ಕೈ ಬಿಟ್ಟರೆ ತನ್ನ ಸುತ್ತಲೇ ಸುತ್ತಿಕೊಂಡು ಗಂಟಾಗುತ್ತದೆ. ಅದಕ್ಕೇ ಆವಿ ಹಾಯಿಸಿ ತಾತ್ಕಾಲಿಕವಾಗಿ ಅದನ್ನು ಅಡಗಿಸಿ ಮಗ್ಗಕ್ಕೆ ಏರಿಸುತ್ತಾರೆ.

ಮಗ್ಗದಲ್ಲಿ ಹಾಸಿಗೆ ಹುರಿ ಕಡಿಮೆಯ ನೂಲು, ಹೊಕ್ಕಿಗೆ ಹುರಿಯ ನೂಲು. ಹೊಕ್ಕಿನಲ್ಲೂ ಎರಡು ಎಳೆ ಬಲಕ್ಕೆ ಸುತ್ತಿದ್ದು, ಮುಂದಿನ ಎರಡು ಎಳೆ ಎಡಕ್ಕೆ ಸುತ್ತಿದ್ದು, ಹೀಗೆ ಜೋಡಿ ಜೋಡಿಯಾಗಿ ಬದಲಾಗುತ್ತಾ ಹೋಗುತ್ತದೆ. ಮಗ್ಗದಿಂದ ಇಳಿದಾಗ ಬಟ್ಟೆ ಬಿರುಸಾಗಿ, ಚಪ್ಪಟೆಯಾಗಿ, ಮಾಸಲು ಬಣ್ಣದಲ್ಲಿರುತ್ತದೆ. ಅದನ್ನು ಕಂಡು ಯಾರೂ ಆಸೆಪಡುವುದಿಲ್ಲ. ಮುಂದೆ ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ಬೇಯಿಸಿ ಅಂಟು ತೆಗೆಯುತ್ತಾರೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಐದರಲ್ಲೊಂದು ಪಾಲಿನಿಂದ ನಾಲ್ಕರಲ್ಲೊಂದು ಪಾಲಿನವರೆಗೆ ಬರೀ ಅಂಟೇ. ಆ ಅಂಟು ಕರಗಿದಾಗ ಅಡಗಿದ್ದ ಹುರಿಗೆ ಬಿಡುಗಡೆ. ಬಲಕ್ಕೆ ಸುತ್ತಿದ ಎಳೆ ಒಂದು ಕಡೆ ಎಳೆದರೆ ಎಡಕ್ಕೆ ಸುತ್ತಿದ್ದು ಇನ್ನೊಂದು ಕಡೆ ಎಳೆಯುತ್ತದೆ. ಬಟ್ಟೆ ಅಗಲದಲ್ಲಿ ಕುಗ್ಗುತ್ತದೆ, ಮೈಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಉಬ್ಬು ತಗ್ಗುಗಳು ಏಳುತ್ತವೆ. ಕ್ರೇಪ್ ಹುಟ್ಟುವುದು ಮಗ್ಗದಲ್ಲಲ್ಲ, ಈ ಹಂಡೆಯ ನೀರಿನಲ್ಲಿ.

ನಾವು ಮೆಚ್ಚುವ ಗುಣಗಳೆಲ್ಲ ಆ ಉಬ್ಬು ತಗ್ಗುಗಳಿಂದಲೇ ಬಂದವು. ಬೆಳಕು ಅವುಗಳ ಮೇಲೆ ಬಿದ್ದು ಚದುರುವುದರಿಂದ ಕ್ರೇಪ್ ಥಳಥಳಿಸುವುದಿಲ್ಲ, ಬಣ್ಣ ಮಾತ್ರ ಆಳವಾಗಿ ಕಾಣುತ್ತದೆ. ಮೈಗೆ ಪೂರ್ತಿ ಅಂಟಿಕೊಳ್ಳದೆ ನಡುವೆ ಗಾಳಿಗೆ ಜಾಗ ಬಿಡುತ್ತದೆ. ಮುದುಡಿದರೂ ಸುಕ್ಕು ಗಟ್ಟಿಯಾಗಿ ನಿಲ್ಲುವುದಿಲ್ಲ. ನುಣುಪಾದ ರೇಷ್ಮೆಯ ಹಾಗೆ ಜಾರಿ ಹೋಗದೆ ನೆರಿಗೆ ಇಟ್ಟಲ್ಲೇ ಇರುತ್ತದೆ. ದಿನವಿಡೀ ಉಟ್ಟು ಓಡಾಡುವವರಿಗೆ ಇದಕ್ಕಿಂತ ಅನುಕೂಲದ ರೇಷ್ಮೆ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಈ ನೇಯ್ಗೆ ನಮ್ಮದಾದ ಕಥೆಯನ್ನೂ ಚುಟುಕಾಗಿ ಹೇಳಬೇಕು. ಮೈಸೂರು ಸೀಮೆಗೆ ರೇಷ್ಮೆ ಕೃಷಿ ಕಾಲಿಟ್ಟಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ನೇಯ್ಗೆಯ ಕಾರ್ಖಾನೆ ಬಂದದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನಿಂದ 10 ಮಗ್ಗ ತರಿಸಿದಾಗ. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಟಿ. ನರಸೀಪುರದಲ್ಲಿ ನೂಲು ಬಿಚ್ಚುವುದು, ಮೈಸೂರಿನ ಮಾನಂದವಾಡಿ ರಸ್ತೆಯ ಕಾರ್ಖಾನೆಯಲ್ಲಿ ನೇಯುವುದು. 2005ರಲ್ಲಿ ಮೈಸೂರು ಸಿಲ್ಕ್‌ಗೆ ಭೌಗೋಳಿಕ ಸೂಚಿಯೂ ಸಿಕ್ಕಿತು. ಸಾಂಪ್ರದಾಯಿಕ ಮೈಸೂರು ಸೀರೆಯ ಒಡಲಿಗೂ ಅಂಚಿಗೂ ಒಂದೇ ಬಣ್ಣ ಯಾಕೆ ಎಂದು ಹಲವರು ಕೇಳುತ್ತಾರೆ. ಉತ್ತರ ಆ ಹಂಡೆಯಲ್ಲೇ ಇದೆ. ನೇಯ್ದ ಮೇಲೆ ಅಂಟು ತೆಗೆದು, ಇಡೀ ಸೀರೆಯನ್ನು ಒಟ್ಟಿಗೆ ಬಣ್ಣದಲ್ಲಿ ಅದ್ದುತ್ತಾರೆ; ಬಣ್ಣ ರೇಷ್ಮೆಗೆ ಹಿಡಿಯುತ್ತದೆ, ಜರಿಗೆ ಹಿಡಿಯುವುದಿಲ್ಲ. ಒಂದೇ ಬಣ್ಣದ ಒಡಲು, ಪಕ್ಕದಲ್ಲಿ ಜರಿಯ ನೇರ ಪಟ್ಟಿ. ಕೆಲಸದ ಕ್ರಮದಿಂದ ಬಂದ ಆ ಸರಳತೆಯೇ ಅದರ ಚೆಲುವಾಯಿತು. ಈಗ ಚಿತ್ರ, ಮುದ್ರಣ, ಎರಡು ಬಣ್ಣದ ಸೀರೆಗಳೂ ಬಂದಿವೆ. ನನ್ನ ಮನಸ್ಸು ಇವತ್ತಿಗೂ ಒಂದೇ ಬಣ್ಣದ, ಬುಟ್ಟವೂ ಇಲ್ಲದ ಸೀರೆಯ ಕಡೆಗೇ.

ಇನ್ನು ಆಯ್ಕೆ. ಅಂಗಡಿಯಲ್ಲಿ ಅರವತ್ತು ಗ್ರಾಂ, ನೂರು ಗ್ರಾಂ, ನೂರಿಪ್ಪತ್ತು ಗ್ರಾಂ ಎಂದು ಕ್ರೇಪ್‌ನ ದಪ್ಪ ಹೇಳುತ್ತಾರೆ. ಅದು ಇಡೀ ಸೀರೆಯ ತೂಕ ಅಲ್ಲ. ಚದರ ಮೀಟರಿಗೋ, ಉದ್ದದ ಮೀಟರಿಗೋ ಎಂದು ಬಿಡಿಸಿ ಕೇಳಿ, ಯಾಕೆಂದರೆ ಎರಡಕ್ಕೂ ವ್ಯತ್ಯಾಸವಿದೆ. ಹೊರದೇಶದ ರೇಷ್ಮೆ ವ್ಯಾಪಾರದಲ್ಲಿ ಇದೇ ದಪ್ಪವನ್ನು ಮಾಮ್ಮೆ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಮಾಮ್ಮೆ ಎಂದರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. ವಿದೇಶದಲ್ಲಿರುವ ಮಗಳೋ ಸೊಸೆಯೋ 16 ಮಾಮ್ಮೆಯ ಕ್ರೇಪ್ ತಂದರೆ ಅದು ಹತ್ತಿರ ಹತ್ತಿರ 70 ಗ್ರಾಂನದು ಎಂದು ಲೆಕ್ಕ ಹಾಕಿಕೊಳ್ಳಬಹುದು. ದಪ್ಪ ಹೆಚ್ಚಿದಷ್ಟೂ ಬಟ್ಟೆಯ ಇಳಿತ ಗಂಭೀರವಾಗುತ್ತದೆ, ನೆರಿಗೆ ತೂಗಿ ಬೀಳುತ್ತದೆ, ಒಳಗಿನದು ಕಾಣುವುದಿಲ್ಲ. ತೆಳುವಾದಷ್ಟೂ ಸೆಕೆಗೆ ಹಿತ, ಗಾಳಿಗೆ ಅಲುಗುವ ಸೆರಗು. ಸಣ್ಣ ಮೈಕಟ್ಟಿನವರಿಗೆ, ಎತ್ತರ ಕಡಿಮೆ ಇರುವವರಿಗೆ ತೆಳು ಕ್ರೇಪ್ ಚೆನ್ನಾಗಿ ಒಪ್ಪುತ್ತದೆ. ದಪ್ಪನೆಯದೇ ಶ್ರೇಷ್ಠ ಎಂಬ ಮಾತಿಗೆ ಮರುಳಾಗಬೇಡಿ. ಬೆಲೆ ಏರುವುದು ರೇಷ್ಮೆ ಹೆಚ್ಚು ಹಿಡಿದಿದ್ದಕ್ಕೆ. ಗುಣ ಹೆಚ್ಚಿದ್ದಕ್ಕೇ ಎಂದೇನಲ್ಲ.

ಗುಣ ನೋಡುವ ಬಗೆ ಬೇರೆ. ಸೀರೆಯ ಒಂದು ಭಾಗವನ್ನು ಬಿಡಿಸಿ ಬೆಳಕಿಗೆ ಅಡ್ಡ ಹಿಡಿಯಿರಿ. ಮೈ ಎಲ್ಲ ಕಡೆ ಒಂದೇ ಸಮನಾಗಿರಬೇಕು. ಅಡ್ಡಡ್ಡಲಾಗಿ ಪಟ್ಟೆ ಪಟ್ಟೆ ಕಂಡರೆ ಹೊಕ್ಕಿನ ನೂಲು ಏಕರೂಪವಾಗಿಲ್ಲ ಎಂದೇ ಅರ್ಥ. ನೂಲು ಎಲ್ಲಿ ತೆಳುವಾಗಿದೆಯೋ ಅಲ್ಲಿ ಹುರಿ ಓಡಿಹೋಗಿ ಕೂರುತ್ತದೆ, ದಪ್ಪ ಇರುವಲ್ಲಿ ಸಡಿಲವಾಗುತ್ತದೆ. ಅಂಟು ತೆಗೆದಾಗ ಈ ಹೆಚ್ಚು ಕಡಿಮೆಯೇ ಪಟ್ಟೆಯಾಗಿ ಏಳುತ್ತದೆ. ದ್ವಿತಳಿ ಗೂಡಿನ ಸಮನಾದ ನೂಲಿಗೆ ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣ. ಆಮೇಲೆ ಎರಡು ಹೆಬ್ಬೆರಳಿನಿಂದ ಬಟ್ಟೆಯನ್ನು ಮೆಲ್ಲಗೆ ಎರಡು ಕಡೆಗೆ ಎಳೆದು ನೋಡಿ. ನೂಲು ಸರಿದು ಕಿಂಡಿ ಬಿದ್ದರೆ ನೇಯ್ಗೆ ಸಡಿಲ. ಅಂಥದ್ದರಲ್ಲಿ ಬ್ಲೌಸ್ ಹೊಲಿಸಿದರೆ ತೋಳಿನ ಹೊಲಿಗೆಯ ಬಳಿ ಬೇಗ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಒಂದು ಹಿಡಿ ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಿಡಿ. ಒಳ್ಳೆಯ ಕ್ರೇಪ್ ತಾನಾಗಿ ಅರಳಿ ಹಳೆಯ ರೂಪಕ್ಕೆ ಬರುತ್ತದೆ.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಒಂದು ಎಳೆಯ ಪರೀಕ್ಷೆಯಲ್ಲಿ. ಸೀರೆಯ ತುದಿಯಲ್ಲಿ ಹೊಕ್ಕಿನ ಒಂದು ನೂಲು ಬಿಡಿಯಾಗಿ ಸಿಕ್ಕರೆ, ಅಂಗಡಿಯವರನ್ನು ಕೇಳಿ ಎಳೆದು ತೆಗೆಯಿರಿ. ಎರಡೂ ತುದಿ ಹಿಡಿದು ನಿಧಾನವಾಗಿ ಹತ್ತಿರ ತನ್ನಿ. ಹುರಿ ಹೆಚ್ಚಾದ ಬಾವಿಯ ಹಗ್ಗ ಸುತ್ತಿಕೊಳ್ಳುವಂತೆ ಆ ನೂಲು ನಡುವೆ ತನ್ನನ್ನು ತಾನೇ ಹೆಣೆದುಕೊಂಡರೆ ಅದರಲ್ಲಿ ನಿಜವಾದ ಹುರಿ ಇದೆ. ಬಿಸಿ ಉರುಳೆಯ ಒತ್ತಿನಿಂದ ಕ್ರೇಪ್‌ನ ಮೈ ಅಚ್ಚು ಹಾಕಿಸಿಕೊಂಡ ಬಟ್ಟೆಯ ನೂಲು ಸುಮ್ಮನೆ ಜೋತುಬೀಳುತ್ತದೆ. ಅದೇ ನೂಲನ್ನು ಮನೆಗೆ ತಂದು ಸುಟ್ಟು ನೋಡಬಹುದು. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಕಾಗದದ ಹಾಗೆ ಉರಿಯುತ್ತದೆ. ಮೈಸೂರು ಸಿಲ್ಕ್ ಎಂಬ ಹೆಸರನ್ನು ಸಡಿಲವಾಗಿ ಬಳಸುವ ಅಂಗಡಿಗಳು ಬಹಳ. ನಿಗಮದ ಸೀರೆಯಾದರೆ ಅದರಲ್ಲೇ ನೇಯ್ದ ಸಂಖ್ಯೆಯೂ ಹಾಲೊಗ್ರಾಮ್ ಚೀಟಿಯೂ ಇರುತ್ತವೆ. ಬೇರೆ ಕಡೆ ಕೊಳ್ಳುವಾಗ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಆ ಚೀಟಿ ರೇಷ್ಮೆಯ ಶುದ್ಧತೆಗೆ ಸಾಕ್ಷಿ. ನೇಯ್ಗೆಯ ಸೊಗಸನ್ನು ಮಾತ್ರ ನೀವೇ ನೋಡಿಕೊಳ್ಳಬೇಕು.

ಜಾರ್ಜೆಟ್, ಶಿಫಾನ್‌ಗಳೂ ಇದೇ ಕುಲದವು. ಜಾರ್ಜೆಟ್‌ನಲ್ಲಿ ಹಾಸಿಗೂ ಹೊಕ್ಕಿಗೂ ಹುರಿಯ ನೂಲು, ಹಾಗಾಗಿ ಮೈ ಇನ್ನಷ್ಟು ಮರಳು ಮರಳು, ನೀರು ಬಿದ್ದರೆ ಎರಡೂ ದಿಕ್ಕಿಗೆ ಕುಗ್ಗುತ್ತದೆ. ಶಿಫಾನ್ ಇನ್ನೂ ತೆಳು, ಇನ್ನೂ ಸೂಕ್ಷ್ಮ. ಸೆರಗಿಗೆ ಪಿನ್ನು ಚುಚ್ಚುವ ಅಭ್ಯಾಸವಿರುವವರು ಅದರ ತಂಟೆಗೆ ಹೋಗದಿರುವುದೇ ಮೇಲು. ಸೂರತ್ತಿನ ಪಾಲಿಯೆಸ್ಟರ್ ಕ್ರೇಪ್‌ಗಳನ್ನು ಹೀಗಳೆಯುವವನಲ್ಲ ನಾನು. ಬಸ್ಸಿನಲ್ಲಿ ಓಡಾಡುವವರಿಗೆ, ದಿನಾ ಒಗೆದು ಉಡಬೇಕಾದವರಿಗೆ ಅವು ಉಪಕಾರಿ. ಬೆವರು ಹೀರುವುದಿಲ್ಲ ಎಂಬುದೊಂದು ಗೊತ್ತಿದ್ದು, ರೇಷ್ಮೆಯ ಬೆಲೆ ಕೊಡದೆ ಕೊಂಡರೆ ಆಯಿತು.

ಸೀರೆ ಮನೆಗೆ ಬಂದ ಮೇಲೆ ಮೊದಲ ಅಪಾಯ ಫಾಲ್‌ನದು. ಹತ್ತಿಯ ಫಾಲ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲಷ್ಟೇ ಹಚ್ಚಬೇಕು. ಇಲ್ಲದಿದ್ದರೆ ಮುಂದೊಮ್ಮೆ ಫಾಲ್ ಕುಗ್ಗಿ, ಸೀರೆ ಕುಗ್ಗದೆ, ಅಂಚಿನುದ್ದಕ್ಕೂ ಗುಳ್ಳೆ ಏಳುತ್ತದೆ. ಕ್ರೇಪ್‌ಗೆ ಫಾಲ್ ಹಚ್ಚುವ ಕೈ ಹೊಲಿಗೆ ಬಿಗಿಯಾಗಿರಬಾರದು. ಬಟ್ಟೆಗೆ ಸ್ವಲ್ಪ ಆಡಲು ಜಾಗ ಬೇಕು. ಎರಡನೆಯದು ಕುಚ್ಚು. ಕುಚ್ಚು ಕಟ್ಟಿಸುವುದು ನಮ್ಮವರ ದೊಡ್ಡ ಸಂಭ್ರಮ, ನನಗೂ ಇಷ್ಟವೇ. ಆದರೆ ತೆಳು ಕ್ರೇಪ್‌ನ ಸೆರಗಿಗೆ ಗಾಜಿನ ಮಣಿ, ಲೋಹದ ಗೆಜ್ಜೆ ಪೋಣಿಸಿದರೆ ಅದರ ಭಾರಕ್ಕೆ ಸೆರಗಿನ ತುದಿ ಜಗ್ಗಿ ಅಲೆ ಅಲೆಯಾಗುತ್ತದೆ. ರೇಷ್ಮೆ ದಾರದ ಬರಿಯ ಗಂಟು ಕುಚ್ಚು ಸಾಕು.

ಕ್ರೇಪ್‌ನಲ್ಲಿ ಕುರ್ತಾ, ಗೌನು, ಉದ್ದ ಲಂಗ ಹೊಲಿಸುವವರೂ ಈಗ ಹೆಚ್ಚು. 1920ರ ದಶಕದಲ್ಲಿ ಪ್ಯಾರಿಸ್‌ನ ಮ್ಯಾಡೆಲೀನ್ ವಿಯೋನೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹೊಲಿಯುವ ತಮ್ಮ ಉಡುಪುಗಳಿಗೆ ಕ್ರೇಪ್ ಅನ್ನೇ ಆರಿಸಿಕೊಂಡರು, ಯಾಕೆಂದರೆ ಓರೆಗೆ ಇಷ್ಟು ಹದವಾಗಿ ಮೈ ಹಿಡಿದು ಇಳಿಯುವ ಬಟ್ಟೆ ವಿರಳ. ನಮ್ಮ ಟೈಲರುಗಳು ಕ್ರಾಸ್ ಕಟ್ ಎನ್ನುವುದು ಇದನ್ನೇ. ಹಾಗೆ ಕತ್ತರಿಸಿದ ಗೌನನ್ನು ಕೆಳಗಿನ ಅಂಚು ಮಡಿಸುವ ಮೊದಲು ಒಂದು ರಾತ್ರಿ ಹ್ಯಾಂಗರಿನಲ್ಲಿ ತೂಗುಹಾಕಬೇಕು. ತನ್ನದೇ ಭಾರಕ್ಕೆ ಅದು ಇಳಿಯುವಷ್ಟು ಇಳಿದ ಮೇಲೆ ಅಂಚನ್ನು ಸಮ ಮಾಡಿ ಹೊಲಿಯಬೇಕು. ಅವಸರದ ಟೈಲರು ಇದನ್ನು ಬಿಡುತ್ತಾರೆ, ತಿಂಗಳೊಳಗೆ ಅಂಚು ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ. ತೆಳು ಸೂಜಿ, ಹೊಸ ಸೂಜಿ ಹಾಕಲು ಹೇಳಿ. ಮೊಂಡು ಸೂಜಿ ಎಳೆಯನ್ನೇ ಎಳೆದು ಗೆರೆ ಮೂಡಿಸುತ್ತದೆ. ಲೈನಿಂಗ್ ಬಟ್ಟೆಯನ್ನೂ ಫಾಲ್‌ನ ಹಾಗೆ ಮೊದಲೇ ನೆನೆಸಿರಬೇಕು.

ಒಗೆಯುವ ವಿಷಯಕ್ಕೆ ಬಂದರೆ, ಹಂಡೆಯ ನೀರನ್ನು ನೆನಪಿಟ್ಟುಕೊಳ್ಳಿ. ನೀರು ತಾಗಿದಾಗ ರೇಷ್ಮೆಯ ಎಳೆ ಉಬ್ಬುತ್ತದೆ. ಉಬ್ಬಿದ ಎಳೆಯನ್ನು ಸುತ್ತಿಕೊಂಡ ಹುರಿಗೆ ಉದ್ದ ಸಾಲದೆ ನೂಲು ಗಿಡ್ಡವಾಗುತ್ತದೆ. ಹುರಿ ಇರುವುದು ಹೊಕ್ಕಿನಲ್ಲಿ. ಆದ್ದರಿಂದ ನೀರಿಗೆ ಬಿದ್ದ ಮೈಸೂರು ಸೀರೆ ಉದ್ದದಲ್ಲಿ ಅಷ್ಟಾಗಿ ಅಲ್ಲ, ಅಗಲದಲ್ಲಿ ಕುಗ್ಗುತ್ತದೆ. ಉಟ್ಟಾಗ ಪಾದದ ಮೇಲಕ್ಕೆ ನಿಲ್ಲುವ ಸೀರೆ, ಸುರುಟಿಕೊಂಡ ಜರಿ ಅಂಚು ಎಲ್ಲಕ್ಕೂ ಕಾರಣ ಇಷ್ಟೇ. ಡ್ರೈ ವಾಶ್‌ನಲ್ಲಿ ನೀರಿನ ಬದಲು ಎಳೆಯನ್ನು ಉಬ್ಬಿಸದ ದ್ರಾವಕ ಬಳಸುವುದರಿಂದ ಹುರಿ ಅಲುಗುವುದಿಲ್ಲ. ಜರಿ ಇರುವ ಕ್ರೇಪ್‌ಗೆ ಅದೊಂದೇ ದಾರಿ. ಕೊಡುವಾಗ ಗಂಜಿ ಹಾಕಬೇಡಿ ಎಂದು ಬಾಯಿಬಿಟ್ಟು ಹೇಳಿ. ಗಂಜಿ ಹಾಕಿದ ಕ್ರೇಪ್ ಇಳಿಯುವುದನ್ನೇ ಮರೆಯುತ್ತದೆ. ರೋಲಿಂಗ್ ಪಾಲಿಶ್ ಕುಗ್ಗಿದ ಅಗಲವನ್ನು ಸ್ವಲ್ಪ ಮಟ್ಟಿಗೆ ವಾಪಸು ಕೊಡುತ್ತದೆ ನಿಜ. ಆದರೆ ಪ್ರತಿಸಲವೂ ಮಾಡಿಸಿದರೆ ಮೈಯ ಉಬ್ಬು ತಗ್ಗು ನಯವಾಗಿ ಸವೆದು ಕ್ರೇಪ್ ಕ್ರೇಪ್ ಆಗಿ ಉಳಿಯುವುದಿಲ್ಲ.

ಜರಿ ಇಲ್ಲದ ದುಪಟ್ಟಾ, ಸ್ಕಾರ್ಫ್, ಕುರ್ತಾಗಳನ್ನು ಮನೆಯಲ್ಲೇ ಒಗೆಯಬಹುದು. ಒಳಗಿನ ಮಡಿಕೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ತಣ್ಣೀರಿನಲ್ಲಿ ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ಸೋಸಿದ ನೊರೆ ಗಾಢ ಬಣ್ಣಗಳಿಗೆ ಬಹಳ ಒಳ್ಳೆಯದು. ತಿಳಿ ಬಣ್ಣಕ್ಕೆ ಮಾತ್ರ ಅಂಟುವಾಳದ ಕಂದು ಛಾಯೆ ಹಿಡಿಯಬಹುದು, ಅದಕ್ಕೆ ರೇಷ್ಮೆ ಉಣ್ಣೆಗೆಂದೇ ಸಿಗುವ ದ್ರವ ಸೋಪು ಬಳಸಿ. ಬಟ್ಟೆ ಸೋಡ, ಸಾಮಾನ್ಯ ಸೋಪಿನ ಪುಡಿ ರೇಷ್ಮೆಯನ್ನು ಸೊರಗಿಸುತ್ತವೆ. ಬ್ಲೀಚ್ ಅಂತೂ ರೇಷ್ಮೆಯನ್ನು ಕರಗಿಸಿಯೇ ಬಿಡುತ್ತದೆ. ಹಿಂಡಬೇಡಿ. ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ. ಇನ್ನೂ ತುಸು ತೇವ ಇರುವಾಗಲೇ ಉಲ್ಟಾ ಮಾಡಿ, ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡುತ್ತಾ ಅಗಲಕ್ಕೆ ಮೆಲ್ಲಗೆ ನೀವಿದರೆ ಕುಗ್ಗಿದ್ದು ಬಹುಪಾಲು ಮರಳಿ ಬರುತ್ತದೆ. ಪೂರ್ತಿ ಒಣಗಿದ ಕ್ರೇಪ್ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಮಾಡುವ ಅಭ್ಯಾಸ ಕೆಟ್ಟದ್ದು. ಹನಿ ಬಿದ್ದಲ್ಲೆಲ್ಲ ಚುಕ್ಕೆ ಉಳಿಯುತ್ತದೆ.

ಮದುವೆ ಊಟದಲ್ಲಿ ಸಾರು ಚೆಲ್ಲುವುದು ಇದ್ದದ್ದೇ. ಆಗ ಪಕ್ಕದವರು ನೀರು ಹಾಕಿ ಉಜ್ಜಲು ಬರುತ್ತಾರೆ, ದಯವಿಟ್ಟು ತಡೆಯಿರಿ. ಒಣ ಕರವಸ್ತ್ರದಿಂದ ಒತ್ತಿ ಹೀರಿಸಿ, ಎಣ್ಣೆ ಜಿಡ್ಡಾದರೆ ಟಾಲ್ಕಂ ಪುಡಿ ಉದುರಿಸಿ ಕೆಲವು ಗಂಟೆ ಬಿಟ್ಟು ಕೊಡವಿ. ಡ್ರೈ ವಾಶ್‌ಗೆ ಕೊಡುವಾಗ ಕಲೆ ಎಲ್ಲಿದೆ, ಯಾವುದರದು ಎಂದು ತೋರಿಸಿ ಹೇಳಿ. ಅರಿಸಿನದ ಕಲೆ ಹಳೆಯದಾದಷ್ಟೂ ಹಟಮಾರಿ. ಸೆಂಟು ಹಾಕಿಕೊಳ್ಳುವುದಿದ್ದರೆ ಸೀರೆ ಉಡುವ ಮೊದಲೇ ಹಾಕಿ ಆರಲು ಬಿಡಿ. ಜರಿಯ ಬೆಳ್ಳಿ ಕಪ್ಪಾಗಲು, ರೇಷ್ಮೆ ಬಣ್ಣಗೆಡಲು ಸೆಂಟು ಬೆವರುಗಳೇ ಸಾಕು. ಸಮಾರಂಭದಿಂದ ಬಂದವರೇ ಸೀರೆ ಮಡಚಿ ಬೀರುವಿಗೆ ಸೇರಿಸಬೇಡಿ. ಒಂದು ರಾತ್ರಿ ನೆರಳಲ್ಲಿ, ಗಾಳಿಯಲ್ಲಿ ಹರವಿ ಬೆವರು ಆರಿಸಿ.

ಇಡುವುದು ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಹಳೆಯ ಪಂಚೆಗಿಂತ ಒಳ್ಳೆಯದು ಬೇರೊಂದಿಲ್ಲ. ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ತೇವ ನಿಲ್ಲುತ್ತದೆ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಅದೇ ಸಾಕು. ಹ್ಯಾಂಗರಿಗೆ ವರ್ಷಗಟ್ಟಲೆ ತೂಗುಹಾಕಿದ ಕ್ರೇಪ್ ಜಗ್ಗುತ್ತದೆ, ಅದಕ್ಕೆ ಮಡಚಿಯೇ ಇಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಒಂದೇ ಗೆರೆಯಲ್ಲಿ ಮಡಿಸುತ್ತಾ ಹೋದರೆ ಮೊದಲು ಮುರಿಯುವುದು ಆ ಗೆರೆಯ ಮೇಲಿನ ಜರಿ. ನುಸಿಗುಳಿಗೆ ಇಡುವುದಿದ್ದರೆ ಬಟ್ಟೆಗೆ ತಾಗದಂತೆ ಚೀಲದಲ್ಲಿ ಕಟ್ಟಿ ಮೂಲೆಗಿಡಿ. ನನಗೆ ಒಣ ಬೇವಿನೆಲೆ, ಲಾವಂಚದ ಬೇರು ಹೆಚ್ಚು ಇಷ್ಟ. ಬೀರು ತೆರೆದಾಗಿನ ವಾಸನೆಯೂ ಹಿತ.

ಮೊದಲ ಸಲ ಮೈಸೂರು ಕ್ರೇಪ್ ಕೊಳ್ಳಲು ದುಡ್ಡು ಕೂಡಿಡುತ್ತಿರುವವರಿಗೆ ನನ್ನ ಸಲಹೆ ಹೀಗಿದೆ. ನಡು ದಪ್ಪದ ಕ್ರೇಪ್ ಆರಿಸಿ. ಒಡಲು ಸಾದಾ ಇರಲಿ, ಬಣ್ಣ ಮಾವಿನ ಚಿಗುರಿನದೋ ನೇರಳೆಯದೋ ನಿಮ್ಮ ಮೈಬಣ್ಣಕ್ಕೆ ಹೊಂದುವಂಥದ್ದಿರಲಿ, ಜರಿ ಅಂಚು ಎರಡು ಬೆರಳಿನಷ್ಟಿದ್ದರೆ ಸಾಕು. ಅಂಚು ಅಗಲವಾದಷ್ಟೂ ಬೆಲೆ ಏರುತ್ತದೆ, ಬಟ್ಟೆಯ ಇಳಿತ ಬಿಗಿಯಾಗುತ್ತದೆ. ದೊಡ್ಡ ಅಂಚಿಗೆ ಕೊಡುವ ದುಡ್ಡನ್ನು ಒಳ್ಳೆಯ ನೇಯ್ಗೆಗೆ ಕೊಡಿ. ತಂದ ಮೇಲೆ ಮದುವೆ ಮುಂಜಿಗೆಂದು ಎತ್ತಿಡದೆ ಕಚೇರಿಗೂ ಉಡಿ, ಸಂಗೀತ ಕಚೇರಿಗೂ ಉಡಿ. ಅದು ಉಡಲೆಂದೇ ಹಗುರವಾಗಿ ನೇಯ್ದ ಬಟ್ಟೆ.